ಮೋಡದೊಳಗೆ ಮನೆ ಮಾಡುವ ಮುನ್ನ

ಮೊಂಟೆವೆರ್ಡೆಗೆ ಹೋಗಬೇಕೆಂದು ಮನಸ್ಸು ಮಾಡಿದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಮಂಜು, ಮಳೆ ಇಲ್ಲದ ತಿಂಗಳು ಯಾವುದು?” ಮಧ್ಯ ಅಮೆರಿಕದ ಕೋಸ್ಟರಿಕದಲ್ಲಿರುವ ಆ ಬೆಟ್ಟದೂರಿನ ಕಾಡನ್ನು ಜಗತ್ತು ಗುರುತಿಸುವುದೇ ಮೋಡದ ಕಾಡು ಎಂದು. ಮೋಡ ಬೇಡ ಎನ್ನುವವರಿಗೆ ಅದೇ ದೇಶದಲ್ಲಿ ಬಿಸಿಲಿನ ಕಡಲತೀರಗಳು ಬೇಕಾದಷ್ಟಿವೆ. ಮೋಡದೊಳಗೇ ನಾಲ್ಕು ದಿನ ಇರಬೇಕು, ಆದರೆ ಶೀತ ಹಿಡಿಯಬಾರದು, ಮಂಡಿ ನೋಯಬಾರದು, ಹೊಟ್ಟೆ ಕೆಡಬಾರದು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಸೀಮೆಯವಳು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗಳು ಹ್ಯೂಸ್ಟನ್ನಿನಲ್ಲಿ ಮನೆ ಮಾಡಿರುವುದರಿಂದ ನನಗೂ ನಮ್ಮ ಯಜಮಾನರಿಗೂ ಈ ಕಾಡಿನ ದಾರಿ ಸಿಕ್ಕಿತು. ಅಲ್ಲಿಂದ ಕೋಸ್ಟರಿಕದ ರಾಜಧಾನಿ ಸಾನ್ ಹೊಸೆಗೆ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ಪಯಣ. ನಮ್ಮ ಕಡೆ ಮಳೆಗಾಲದಲ್ಲಿ ನೆನೆಯದೆ ಇರುವುದೇ ಸುಖ ಎಂದು ಯಾರೂ ತಿಳಿದಿರಲಿಲ್ಲ. ಗೊರಬೆ ಹೊದ್ದು ಗದ್ದೆಗೆ ಹೋದವರು ನೆನೆದೇ ಬರುತ್ತಿದ್ದರು. ಬಂದ ಮೇಲೆ ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು, ಒಲೆಯ ಮೇಲಿನ ಗಳದಲ್ಲಿ ಒಣಗಿ ಬೆಚ್ಚಗಾದ ಬಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಅನ್ನ. ಈ ಮೂರು ಇದ್ದರೆ ಆಷಾಢವೂ ಸಲೀಸಾಗಿ ಕಳೆಯುತ್ತಿತ್ತು. ಮೊಂಟೆವೆರ್ಡೆಯಲ್ಲಿ ವಸತಿ ಆರಿಸುವಾಗಲೂ ನಾನು ಹುಡುಕುವುದು ಈ ಮೂರನ್ನೇ. ಅಲ್ಲಿನ ವಸತಿಗಳ ಚಿತ್ರಗಳಲ್ಲಿ ಕಾಣುವ ಗಾಜಿನ ಗೋಡೆಯ ಕೋಣೆ, ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿ ಇವುಗಳಿಗೆ ಹಣ ಕೊಡುವ ಬದಲು ಒಂದು ರಾತ್ರಿ ಹೆಚ್ಚು ಉಳಿಯಿರಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಆ ಕಾಡು ಯಾಕೆ ಹಾಗಿದೆ ಎಂದು ತಿಳಿದರೆ ಸಿದ್ಧತೆ ತಾನಾಗಿ ಹೊಳೆಯುತ್ತದೆ. ಕೆರಿಬಿಯನ್ ಕಡಲಿನ ಮೇಲಿಂದ ಈಶಾನ್ಯದ ವಾಣಿಜ್ಯ ಮಾರುತ ವರ್ಷದ ಬಹುಭಾಗ ಬೀಸುತ್ತಿರುತ್ತದೆ. ಆ ತೇವದ ಗಾಳಿ ಟಿಲರಾನ್ ಬೆಟ್ಟಸಾಲನ್ನು ಏರುವಾಗ ತಣಿದು, ಸುಮಾರು 1,500 ಮೀಟರ್ ಎತ್ತರದಲ್ಲಿ ಮೋಡವಾಗಿ ಮರಗಳ ನಡುವೆಯೇ ಹಾದುಹೋಗುತ್ತದೆ. ಕೊಂಬೆಗಳ ಮೇಲೆ ದಪ್ಪಗೆ ಕೂತ ಪಾಚಿ, ಜರಿಗಿಡ, ಸೀತಾಳೆ, ಅನಾನಸಿನ ಕುಲದ ಬ್ರೊಮೀಲಿಯಾಡ್ ಗಿಡಗಳು ಆ ಮೋಡದಿಂದ ಹನಿಗಳನ್ನು ಬಾಚಿಕೊಂಡು ನೆಲಕ್ಕೆ ಇಳಿಸುತ್ತವೆ. ಸಾಧಾರಣ ಮಳೆಮಾಪಕದ ಲೆಕ್ಕಕ್ಕೆ ಸಿಗದ ನೀರು ಅದು. ಮೊಂಟೆವೆರ್ಡೆಯಲ್ಲಿ ವರ್ಷಕ್ಕೆ ಬೀಳುವ ಮಳೆ 2,500ರಿಂದ 3,000 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರ್ ಮೀರುತ್ತದೆ. ಆದರೆ ಆಗುಂಬೆಯ ಮಳೆ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ, ಫೆಬ್ರವರಿಗೆ ಬಂಡೆಯ ಮೇಲಿನ ಪಾಚಿ ಒಣಗಿ ಕಂದಾಗಿರುತ್ತದೆ. ಅಲ್ಲಿ ಹಾಗಲ್ಲ, ಮಳೆ ನಿಂತ ತಿಂಗಳುಗಳಲ್ಲೂ ಮಂಜು ನೀರುಣಿಸುತ್ತದೆ. ಆ ಸೀಮೆಯಲ್ಲಿ 400ಕ್ಕೂ ಹೆಚ್ಚು ಬಗೆಯ ಸೀತಾಳೆ ಗಿಡಗಳಿರುವುದಕ್ಕೆ ಕಾರಣವೂ ಇದೇ. ಕೆಲವು ಹೂಗಳು ಎರಡು ಮೂರು ಮಿಲಿಮೀಟರ್ ಅಗಲ ಇರುತ್ತವೆ ಅಷ್ಟೇ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯೊಂದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಹೋಗಿ, ಒಂದೇ ಕೊಂಬೆಯ ಮುಂದೆ ಅರ್ಧ ಗಂಟೆ ಕಳೆಯಬಹುದು.

ಹಾಗಾದರೆ ಯಾವಾಗ ಹೋಗಬೇಕು? ನವೆಂಬರ್ ಕೊನೆಯಿಂದ ಜನವರಿಯವರೆಗೆ ಗಾಳಿ ಜೋರು. ಮಂಜಿನ ಹನಿ ಅಡ್ಡಡ್ಡ ಹಾರಿ ಬಂದು ಮುಖಕ್ಕೆ ಹೊಡೆಯುತ್ತದೆ, ಕೊಡೆ ಹಿಡಿದರೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಪ್ರವಾಸಿಗರು ಹೆಚ್ಚು, ದರವೂ ಹೆಚ್ಚು. ಈಸ್ಟರ್ ಹಬ್ಬದ ಹಿಂದಿನ ವಾರ ಆ ದೇಶದವರೆಲ್ಲ ರಜೆಯಲ್ಲಿ ಊರು ಬಿಟ್ಟು ಹೊರಟಿರುತ್ತಾರೆ, ಆ ವಾರ ಕೋಣೆ ಸಿಗುವುದು ಕಷ್ಟ. ಮೇ ತಿಂಗಳಿಂದ ಮಳೆಗಾಲ. ಆದರೆ ಅಲ್ಲಿನ ಮಳೆಗಾಲದ ಬೆಳಗು ಎಷ್ಟೋ ಸಲ ತಿಳಿಯಾಗಿರುತ್ತದೆ, ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಾತ್ರ ಬಲವಾದ ಮಳೆಯ ತಿಂಗಳುಗಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಾಲ ಅಲ್ಲ. ನನಗೆ ಇಷ್ಟವಾದ ಕಾಲ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ. ಜನಸಂದಣಿ ಕರಗಿರುತ್ತದೆ, ಹಕ್ಕಿಗಳ ಗೂಡಿನ ಕಾಲ ಮುಗಿದಿರುವುದಿಲ್ಲ, ಮೊದಲ ಮಳೆಗೆ ಕಪ್ಪೆಗಳು ಕೂಗತೊಡಗಿರುತ್ತವೆ. ಜುಲೈಯಲ್ಲಿ ಮಳೆ ಕೆಲವು ದಿನ ಬಿಡುವು ಕೊಡುವುದುಂಟು, ಮಕ್ಕಳ ರಜೆ ನೋಡಿಕೊಂಡು ಹೋಗುವವರಿಗೆ ಅದು ಅನುಕೂಲ.

ಇನ್ನು ಉಳಿಯುವ ಜಾಗ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಸುಖದ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಸಾಂತಾ ಎಲೇನಾ ಎಂಬುದು ಅಲ್ಲಿನ ಪೇಟೆ. ಬಸ್ಸು, ಔಷಧದಂಗಡಿ, ಬ್ಯಾಂಕು, ಹೋಟೆಲು ಎಲ್ಲ ಅಲ್ಲೇ. ಅಲ್ಲಿಂದ ಐದಾರು ಕಿಲೋಮೀಟರ್ ಏರಿದರೆ ಮೊಂಟೆವೆರ್ಡೆ ಸಂರಕ್ಷಿತ ಕಾಡಿನ ಬಾಗಿಲು. ಪೇಟೆ ಇರುವುದು ಬೆಟ್ಟದ ಪೆಸಿಫಿಕ್ ಮಗ್ಗುಲಿನಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ. ಅಲ್ಲಿ ಬಿಸಿಲು ಇರುವಾಗಲೇ ಮೇಲಿನ ಕಾಡಿನಲ್ಲಿ ಮಂಜು ಹರಿಯುತ್ತಿರುತ್ತದೆ. ಅಸ್ತಮಾ ಇದ್ದವರು, ಸಂಧಿವಾತದವರು, ಪುಟ್ಟ ಮಕ್ಕಳಿದ್ದವರು ಪೇಟೆಗೂ ಕಾಡಿನ ಬಾಗಿಲಿಗೂ ನಡುವಿನ ರಸ್ತೆಯ ವಸತಿಗಳನ್ನು ನೋಡಲಿ. ಒಣ ಹಾಸಿಗೆ ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು, ಹಿತ್ತಿಲಲ್ಲೇ ಕಾಡಿನ ತುಣುಕೂ ಇರುತ್ತದೆ. ಗಟ್ಟಿ ಮೈಯವರು ಸಂರಕ್ಷಿತ ಕಾಡಿನೊಳಗಿನ ಲಾ ಕಸೋನಾ ವಸತಿಯನ್ನು ವಿಚಾರಿಸಬಹುದು, ಬೆಳಕು ಹರಿಯುವಾಗಲೇ ಕಾಡಿನಲ್ಲಿರುವ ಭಾಗ್ಯ ಅದು. ಇನ್ನೂ ಒಳಗೆ ಹೋಗುವ ಧೈರ್ಯ ಇದ್ದವರಿಗೆ ಮಕ್ಕಳ ಶಾಶ್ವತ ಮಳೆಕಾಡು ಎಂಬ ಸಂರಕ್ಷಿತ ಪ್ರದೇಶದ ಸಾನ್ ಹೆರಾರ್ದೊ ತಂಗುದಾಣವಿದೆ. ಕಾಡಿನ ಕೆಸರುದಾರಿಯಲ್ಲಿ ಮೂರು ನಾಲ್ಕು ಕಿಲೋಮೀಟರ್ ಇಳಿದು ಹೋಗಬೇಕು, ವಾಪಸಾಗುವಾಗ ಅಷ್ಟನ್ನೂ ಹತ್ತಬೇಕು. ಕೋಣೆ ಸರಳ, ಆದರೆ ಅದರ ಜಗಲಿಯಿಂದ ಮೋಡ ಸರಿದಾಗ ಅರೆನಾಲ್ ಜ್ವಾಲಾಮುಖಿ ಎದುರಿಗೇ ಕಾಣುತ್ತದೆ. 1968ರಿಂದ 2010ರವರೆಗೆ ಬೆಂಕಿ ಉಗುಳುತ್ತಿದ್ದ ಪರ್ವತ, ಈಗ ಸುಮ್ಮನಿದೆ.

ಕೋಣೆ ಕಾದಿರಿಸುವ ಮುನ್ನ ಮಾಲೀಕರಿಗೆ ಪತ್ರ ಬರೆದು ಕೆಲವನ್ನು ಕೇಳಲೇಬೇಕು. ಒದ್ದೆ ಬಟ್ಟೆ ಒಣಗಿಸುವ ಜಾಗ ಅಥವಾ ಯಂತ್ರ ಇದೆಯೇ? ಹೊದಿಕೆ ಎಷ್ಟು ಕೊಡುತ್ತೀರಿ? ರಾತ್ರಿಯ ಉಷ್ಣಾಂಶ 14-15 ಡಿಗ್ರಿಗೆ ಇಳಿಯುತ್ತದೆ, ಮೈ ಒದ್ದೆಯಿದ್ದರೆ ಅದೇ ಎಂಟು ಡಿಗ್ರಿಯಂತೆ ಕೊರೆಯುತ್ತದೆ, ಎಷ್ಟೋ ಕಡೆ ಕೋಣೆ ಬಿಸಿ ಮಾಡುವ ವ್ಯವಸ್ಥೆ ಇರುವುದಿಲ್ಲ. ಕೋಣೆಯಿಂದ ಊಟದ ಮನೆಗೆ ಎಷ್ಟು ಮೆಟ್ಟಿಲು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ವಸತಿಗಳಲ್ಲಿ ಚಂದದ ನೋಟದ ಕೋಣೆ ಯಾವಾಗಲೂ ಮೇಲಿನ ತುದಿಯಲ್ಲಿ, ಊಟದ ಮನೆ ಕೆಳಗಿನ ತುದಿಯಲ್ಲಿ. ಮಳೆಯಲ್ಲಿ, ಕತ್ತಲಲ್ಲಿ, ಪಾಚಿಗಟ್ಟಿದ ಕಲ್ಲುಮೆಟ್ಟಿಲ ಮೇಲೆ ಮೂರು ಹೊತ್ತು ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಶಿಕ್ಷೆ. ಜಗಲಿಗೆ ಮಾಡು ಇದೆಯೇ, ಅಲ್ಲಿ ಕೂತರೆ ಮರಗಳು ಕಾಣುತ್ತವೆಯೇ ಎಂದೂ ಕೇಳಿ. ಬಿಸಿನೀರು ಹೇಗೆ ಬರುತ್ತದೆ ಎಂದು ಕೇಳಿ. ಕೆಲವು ಕಡೆ ಶವರಿನ ತಲೆಯಲ್ಲೇ ವಿದ್ಯುತ್ ಹೀಟರ್ ಇರುತ್ತದೆ, ನೀರನ್ನು ಸಣ್ಣಗೆ ಬಿಟ್ಟರೆ ಬಿಸಿ, ಜೋರಾಗಿ ಬಿಟ್ಟರೆ ತಣ್ಣಗೆ. ಶೌಚದ ಕಾಗದವನ್ನು ನೀರಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕುವುದು ಅಲ್ಲಿನ ಪದ್ಧತಿ. ನಮ್ಮವರಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚೊಂಬು ಜೊತೆಗಿದ್ದರೆ ಎಲ್ಲವೂ ಸುಲಭ.

ಮಾಡು ಇರುವ ಜಗಲಿಗೆ ನಾನು ಇಷ್ಟು ಒತ್ತುಕೊಡಲು ನಮ್ಮ ಯಜಮಾನರೇ ಕಾರಣ. ಎರಡೂ ಮಂಡಿ ಸವೆದಿವೆ, ಕಾಡಿನ ದಾರಿಯಲ್ಲಿ ಒಂದು ಕಿಲೋಮೀಟರ್ ಮೀರಿ ನಡೆಯಲಾರರು. ಮಗಳು, ಅಳಿಯ, ನಾನು ಕಾಡು ಸುತ್ತಿ ಬರುವಷ್ಟರಲ್ಲಿ ಅವರು ಜಗಲಿಯ ಕುರ್ಚಿಯಲ್ಲಿ ಕೂತು, ಕಾಲಿಗೆ ಕಂಬಳಿ ಸುತ್ತಿಕೊಂಡು, ನಮಗಿಂತ ಹೆಚ್ಚು ನೋಡಿರುತ್ತಿದ್ದರು. ಬಾಲದ ತುದಿಯಲ್ಲಿ ಎರಡು ನೀಲಿ ಬಿಲ್ಲೆ ಇರುವ ಮೊಟ್‌ಮೊಟ್ ಹಕ್ಕಿ, ಮೊಲದಷ್ಟಿರುವ ಅಗೂಟಿ, ಉದ್ದ ಮೂತಿಯ ಕೊವಾಟಿಗಳ ಹಿಂಡು, ಹಸಿರು ಬಣ್ಣದ ಪುಟ್ಟ ಟೂಕನ್. ಅಮೆರಿಕ ಖಂಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಝೇಂಕಾರದ ಹಕ್ಕಿಗಳನ್ನು ರೆಕ್ಕೆಯ ಸದ್ದಿನಿಂದಲೇ ಬೇರೆ ಬೇರೆ ಮಾಡಿ ಹೇಳುವುದನ್ನೂ ಕಲಿತುಬಿಟ್ಟರು. ಅವಸರದಲ್ಲಿ ಒಂದೇ ರಾತ್ರಿ ಉಳಿದು, ತೂಗುಸೇತುವೆ ದಾಟಿ, ಹಗ್ಗದ ಮೇಲೆ ಜಾರಿ, ಮರುದಿನ ಹೊರಟುಬಿಡುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮೋಡ ಎರಡು ದಿನ ಕದಲದೆ ಕೂತುಬಿಡಬಹುದು. ಕನಿಷ್ಠ ಮೂರು ರಾತ್ರಿ ಉಳಿದರೆ ಒಂದು ತಿಳಿ ಬೆಳಗಾದರೂ ಸಿಗುವ ಭರವಸೆ ಇಟ್ಟುಕೊಳ್ಳಬಹುದು.

ದಾರಿಯ ವಿಷಯ ಹೆಚ್ಚಿಲ್ಲ. ಸಾನ್ ಹೊಸೆಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಲಾ ಫೋರ್ತುನಾ ಊರಿನಿಂದ ಬರುವವರು ಅರೆನಾಲ್ ಸರೋವರವನ್ನು ದೋಣಿಯಲ್ಲಿ ದಾಟಿ ಎರಡೂ ತುದಿಗೆ ವ್ಯಾನಿನಲ್ಲಿ ಬರಬಹುದು, ಸುತ್ತು ಬಳಸಿನ ರಸ್ತೆಗಿಂತ ಅದು ಹಿತ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತದೆ. ಬೆಟ್ಟದ ತಿರುವುಗಳಲ್ಲಿ ಮಂಜು ಮತ್ತು ಕತ್ತಲು ಒಟ್ಟಿಗೆ ಸಿಕ್ಕರೆ ಚಾಲಕನಿಗೆ ರಸ್ತೆಯಂಚು ಕಾಣುವುದಿಲ್ಲ, ಸಂಜೆ ನಾಲ್ಕು ಗಂಟೆಯೊಳಗೆ ಕೋಣೆ ಸೇರಿಬಿಡಿ. ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ ಇರುವ ದೇಶ, ನೇರವಾಗಿ ಇಲ್ಲಿಂದ ಹೋಗುವವರು ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರವೇ ಮಲಗಿ ಮರುದಿನ ಬೆಟ್ಟ ಹತ್ತುವುದು ಒಳ್ಳೆಯದು. ವಿದ್ಯುತ್ತು 120 ವೋಲ್ಟ್, ಅಮೆರಿಕದ ಚಪ್ಪಟೆ ಪಿನ್ನು. ವೀಸಾ ನಿಯಮವನ್ನು ಟಿಕೆಟ್ ತೆಗೆಯುವ ಮುನ್ನವೇ ನೋಡಿಕೊಳ್ಳಿ.

ಬಟ್ಟೆಯ ಮಾತಿಗೆ ಬರುತ್ತೇನೆ. ಹತ್ತಿ ನಮ್ಮ ದೇಶದ ಸೆಕೆಗೆ ದೇವರು ಕೊಟ್ಟ ವರ, ಮೋಡದ ಕಾಡಿನಲ್ಲಿ ಅದು ಬೇಡ. ಒಮ್ಮೆ ನೆನೆದ ಹತ್ತಿಯ ಸೀರೆ, ಜೀನ್ಸ್ ಪ್ಯಾಂಟು ಆ ಗಾಳಿಯಲ್ಲಿ ಎರಡು ದಿನವಾದರೂ ಆರುವುದಿಲ್ಲ, ಮೈಯ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಪ್ಯಾಂಟು, ತೆಳು ಉಣ್ಣೆಯ ಬನಿಯನ್ನು, ಮೇಲೊಂದು ಹಗುರ ಸ್ವೆಟರು, ಅದರ ಮೇಲೆ ಮಂಡಿಯವರೆಗೆ ಬರುವ ಮಳೆಯಂಗಿ. ನನ್ನ ವಯಸ್ಸಿನ ಹೆಂಗಸರು ಪ್ಯಾಂಟಿಗೆ ಹಿಂಜರಿಯುವುದಾದರೆ ಸಿಂಥೆಟಿಕ್ ಚೂಡಿದಾರ ಸಾಕು, ಕಾಲ್ಚೀಲದೊಳಗೆ ತೂರಿಸಿಕೊಂಡರೆ ಇರುವೆಯೂ ಏರುವುದಿಲ್ಲ. ಕಾಲ್ಚೀಲ ದಿನಕ್ಕೆ ಎರಡು ಜೊತೆ ಬೇಕು. ಮಂಡಿಯೆತ್ತರದ ರಬ್ಬರ್ ಬೂಟನ್ನು ಅನೇಕ ವಸತಿಗಳೇ ಕೊಡುತ್ತವೆ, ನಿಮ್ಮ ಅಳತೆ ಮೊದಲೇ ತಿಳಿಸಿ.

ಇಷ್ಟರ ಜೊತೆ ನಾನು ಕಟ್ಟುನಿಟ್ಟಾಗಿ ಪಾಲಿಸುವ ಒಂದು ನಿಯಮವಿದೆ: ಒಂದು ಜೊತೆ ಬಟ್ಟೆ ಕೋಣೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಳಉಡುಪು, ಉಣ್ಣೆಯ ಟೋಪಿ, ಶಾಲು, ಕಾಲ್ಚೀಲ ಕಟ್ಟಿಟ್ಟು, ರಾತ್ರಿ ಸ್ನಾನವಾದ ಮೇಲೆ ಮಾತ್ರ ಬಿಚ್ಚುತ್ತೇನೆ. ಎಷ್ಟೇ ಒದ್ದೆಯಾದ ದಿನವೂ ಮಲಗುವಾಗ ಮೈಮೇಲೆ ಒಣ ಬಟ್ಟೆ ಇರುತ್ತದೆ, ನಿದ್ದೆ ಬರುತ್ತದೆ. ಬೈನಾಕ್ಯುಲರ್, ಕ್ಯಾಮೆರಾಗಳಿಗೂ ಇದೇ ಉಪಚಾರ ಬೇಕು. ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಮಂಜಿನ ಮಬ್ಬು ಬೆಳಕಿಗೆ 8x42 ಅಳತೆಯ ಬೈನಾಕ್ಯುಲರ್ ಸರಿಯಾದದ್ದು.

ಊಟಕ್ಕೆ ಹೆದರಬೇಕಾಗಿಲ್ಲ. ಬೆಳಿಗ್ಗೆ ಗಾಯೊ ಪಿಂಟೊ ಎಂಬ ಅನ್ನ-ಕಪ್ಪು ಬೀನ್ಸ್ ಕಾಳಿನ ಒಗ್ಗರಣೆ, ಜೊತೆಗೆ ಮೆಕ್ಕೆಜೋಳದ ರೊಟ್ಟಿ, ಹುರಿದ ಬಾಳೆಹಣ್ಣು. ಮಧ್ಯಾಹ್ನ ಅನ್ನ, ಕಾಳಿನ ಸಾರು, ಪಲ್ಯ, ಕೋಸಿನ ಕೋಸಂಬರಿ. ಆ ಪಲ್ಯದಲ್ಲಿ ಚಯೋಟೆ ಎಂಬ ತರಕಾರಿ ಕಂಡರೆ ಅದು ನಮ್ಮ ಸೀಮೆಬದನೆಯೇ, ಮಧ್ಯ ಅಮೆರಿಕದಿಂದ ಇಲ್ಲಿಗೆ ಬಂದದ್ದು. ಸಸ್ಯಾಹಾರಿಗಳು ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. “ಸಿನ್ ಕಾರ್ನೆ, ಸಿನ್ ಪೋಯ್ಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ” ಎಂದು ಬಿಡಿಬಿಡಿಯಾಗಿ ಹೇಳಬೇಕು, ಅಂದರೆ ಮಾಂಸ, ಕೋಳಿ, ಮೀನು, ಹಂದಿಯ ಕೊಬ್ಬು ಯಾವುದೂ ಬೇಡ. ಕಾಳನ್ನು ಕೆಲವು ಅಡುಗೆಮನೆಗಳಲ್ಲಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಕಾಫಿ ಅಲ್ಲೇ ಬೆಟ್ಟದ ಇಳಿಜಾರಿನಲ್ಲಿ ಬೆಳೆದದ್ದು, ಬಟ್ಟೆಯ ಸೋಸುಚೀಲದಲ್ಲಿ ಇಳಿಸಿ ಕೊಡುತ್ತಾರೆ. ಹಾಲು ಬೇಕಾದವರು ಬಿಸಿಹಾಲು ಕೇಳಿ ಪಡೆಯಿರಿ.

ಹಣ ಉಳಿಸಬಾರದ ಇನ್ನೊಂದು ಕಡೆ ಎಂದರೆ ಮಾರ್ಗದರ್ಶಿ. ದಟ್ಟ ಕಾಡಿನಲ್ಲಿ ನಮ್ಮ ಕಣ್ಣಿಗೆ ಹಸಿರು ಮಾತ್ರ ಕಾಣುತ್ತದೆ. ಕ್ವೆಟ್ಸಾಲ್ ಹಕ್ಕಿಯನ್ನು ನಾವು ನೋಡಿದ್ದು ಕುರಿ-ಕಾಂಚಾ ಎಂಬ ಖಾಸಗಿ ಸಂರಕ್ಷಿತ ಕಾಡಿನಲ್ಲಿ. ಅಲ್ಲಿನ ದಾರಿಗಳು ಅಷ್ಟು ಕಡಿದಲ್ಲ, ನಡುನಡುವೆ ಬಯಲೂ ಇದೆ, ಯಜಮಾನರೂ ಬರಬಹುದಾಯಿತು. ಮಾರ್ಗದರ್ಶಿಯಾಗಿದ್ದ ಹುಡುಗಿ ಹಕ್ಕಿಯನ್ನು ಹುಡುಕಲೇ ಇಲ್ಲ, ಕಾಡುಬೆಣ್ಣೆಹಣ್ಣಿನ ಮರವೊಂದರ ಕೆಳಗೆ ನಮ್ಮನ್ನು ನಿಲ್ಲಿಸಿದಳು. ಕ್ವೆಟ್ಸಾಲ್ ಆ ಪುಟ್ಟ ಹಣ್ಣನ್ನು ಇಡಿಯಾಗಿ ನುಂಗಿ ಬೀಜವನ್ನು ಬೇರೆ ಕಡೆ ಉಗುಳುತ್ತದೆ, ಹಣ್ಣು ಕಳಿತ ಮರ ಯಾವುದೆಂದು ಗೊತ್ತಿದ್ದರೆ ಸಾಕು. ಗಂಡಿನ ಎದೆ ಕಡುಗೆಂಪು, ಬೆನ್ನು ಹಸಿರೋ ನೀಲಿಯೋ ಹೇಳಲಾಗದು, ಬಾಲದ ಮೇಲಿನ ಗರಿಗಳು ಮುಕ್ಕಾಲು ಮೀಟರಿನವರೆಗೂ ಬೆಳೆಯುತ್ತವೆ. ಅದು ಟ್ರೋಗನ್ ಕುಟುಂಬದ ಹಕ್ಕಿ. ಅದೇ ಕುಟುಂಬದ ಕಾಕರಣೆ ಹಕ್ಕಿ ನಮ್ಮ ಪಶ್ಚಿಮಘಟ್ಟದಲ್ಲಿದೆ, ಅದೂ ಹೀಗೆಯೇ ಕೊಂಬೆಯ ಮೇಲೆ ಅಲುಗಾಡದೆ ನೆಟ್ಟಗೆ ಕೂತಿರುತ್ತದೆ. ಆ ಭಂಗಿಯನ್ನು ಕಂಡೊಡನೆ ಯಜಮಾನರು “ನಮ್ಮದೇ ಮನೆತನ” ಎಂದು ಪಿಸುಗುಟ್ಟಿದರು.

ಬೆಳಗಿನ ನಡಿಗೆಯ ಜೊತೆ ಒಂದು ರಾತ್ರಿನಡಿಗೆಯನ್ನೂ ಇಟ್ಟುಕೊಳ್ಳಿ. ಸಂಜೆ ಆರಕ್ಕೆ ಹೊರಟು ಎಂಟಕ್ಕೆ ಮುಗಿಯುತ್ತದೆ, ದಾರಿ ಸಾಧಾರಣವಾಗಿ ಸಮತಟ್ಟು. ಮಲಗಿದ ಹಕ್ಕಿ, ಬಿಲದ ಬಾಯಲ್ಲಿ ಕೂತ ದೊಡ್ಡ ಜೇಡ, ಎಲೆಯ ಬಣ್ಣದ ಮಂಡಲದ ಹಾವು ಎಲ್ಲ ಟಾರ್ಚಿನ ಬೆಳಕಿಗೆ ಸಿಗುತ್ತವೆ. ಕೈಗೆ ಸೊಳ್ಳೆ ಔಷಧ ಹಚ್ಚಿಕೊಂಡು ಕಪ್ಪೆಯನ್ನು ಮುಟ್ಟಬೇಡಿ, ಅದರ ತೊಗಲು ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಅಲ್ಲಿ ಕೊಡುವ ಪ್ರವೇಶಧನ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡು ಹೋಗುವುದು ನನ್ನ ಮಟ್ಟಿಗೆ ಸಿದ್ಧತೆಯ ಭಾಗವೇ. ಅಮೆರಿಕದ ಅಲಬಾಮದಿಂದ ಕ್ವೇಕರ್ ಪಂಥದ ಕೆಲವು ಕುಟುಂಬಗಳು 1951ರಲ್ಲಿ ಮೊಂಟೆವೆರ್ಡೆಗೆ ಬಂದು ನೆಲೆಸಿದವು. ಯುದ್ಧಕ್ಕೆ ಹೆಸರು ಕೊಡಲಾರೆವೆಂದು ಅವರಲ್ಲಿ ಕೆಲವರು ಸೆರೆಮನೆ ಕಂಡಿದ್ದರು, ಕೋಸ್ಟರಿಕ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ್ದ ದೇಶ. ಹಸು ಸಾಕಿ ಚೀಸ್ ಮಾಡಿ ಬದುಕಿದ ಅವರು, ತಮ್ಮ ಹೊಳೆಗಳ ನೀರು ಹುಟ್ಟುವ ಮೇಲಿನ ಕಾಡನ್ನು ಮಾತ್ರ ಕಡಿಯದೆ ಬಿಟ್ಟರು. 1972ರಲ್ಲಿ ಸಂಶೋಧಕ ಜಾರ್ಜ್ ಪೊವೆಲ್ ಮತ್ತು ಅಲ್ಲಿನ ನಿವಾಸಿ ವಿಲ್ಫರ್ಡ್ ಗಿಂಡನ್ ಸೇರಿ ಸಂರಕ್ಷಿತ ಕಾಡಿಗೆ ಬುನಾದಿ ಹಾಕಿದರು. 1992ರಲ್ಲಿ ತೆರೆದ ಸಾಂತಾ ಎಲೇನಾ ಸಂರಕ್ಷಿತ ಕಾಡನ್ನು ಊರಿನ ಪ್ರೌಢಶಾಲೆ ನಡೆಸುತ್ತದೆ, ಟಿಕೆಟಿನ ಹಣ ಶಾಲೆಗೂ ಸಲ್ಲುತ್ತದೆ. ಮಕ್ಕಳ ಮಳೆಕಾಡು ಶುರುವಾದದ್ದು 1987ರಲ್ಲಿ, ಸ್ವೀಡನ್ನಿನ ಸಣ್ಣ ಶಾಲೆಯೊಂದರ ಮಕ್ಕಳು ಕೂಡಿಸಿದ ದುಡ್ಡಿನಿಂದ. ಇಂದು ಅದು 22,000 ಹೆಕ್ಟೇರ್ ದಾಟಿದೆ.

ಇಷ್ಟು ಕಾಪಾಡಿದ ಕಾಡಿನಿಂದಲೂ ಒಂದು ಜೀವಿ ಹೋಗಿಬಿಟ್ಟಿತು. ಗಂಡುಗಳೆಲ್ಲ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದ ಚಿನ್ನದ ನೆಲಗಪ್ಪೆ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. 1987ರಲ್ಲಿ ಸಂಶೋಧಕಿ ಮಾರ್ತಾ ಕ್ರಂಪ್ 1,500ಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡಿದ್ದರು. 1989ರಲ್ಲಿ ಕಂಡದ್ದು ಒಂದೇ ಗಂಡು. ಆಮೇಲೆ ಯಾರೂ ನೋಡಿಲ್ಲ, 2004ರಲ್ಲಿ ಅದು ಅಳಿದುಹೋಯಿತೆಂದು ಘೋಷಣೆಯಾಯಿತು. 1970ರ ದಶಕದಿಂದೀಚೆಗೆ ಮೊಂಟೆವೆರ್ಡೆಯಲ್ಲಿ ಮಂಜಿಲ್ಲದ ಒಣ ದಿನಗಳು ಹೆಚ್ಚುತ್ತಿವೆ, ಬಿಸಿಯೇರುತ್ತಿರುವ ಭೂಮಿಯಲ್ಲಿ ಮೋಡದ ಅಡಿ ಬೆಟ್ಟಕ್ಕಿಂತ ಮೇಲೆ ಸರಿಯುತ್ತಿರಬಹುದು ಎಂದು ಅಲ್ಲಿ ದುಡಿದ ವಿಜ್ಞಾನಿಗಳು 1999ರಲ್ಲಿ ಬರೆದರು. ಕಪ್ಪೆಗಳ ತೊಗಲಿಗೆ ಹತ್ತುವ ಕೈಟ್ರಿಡ್ ಎಂಬ ಬೂಷ್ಟುರೋಗದ ಕೈವಾಡವೂ ಇತ್ತೆಂದು ಹೇಳುತ್ತಾರೆ. ಮಂಜಿಲ್ಲದ ತಿಂಗಳು ಯಾವುದೆಂದು ಕೇಳುವವರಿಗೆ ನಾನು ಈ ಕಪ್ಪೆಯ ಕತೆಯನ್ನು ಬಿಡದೆ ಹೇಳುತ್ತೇನೆ.

ಆ ಬೂಷ್ಟು ಒದ್ದೆ ಕೆಸರಿನೊಂದಿಗೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಬಲ್ಲದು. ಆದ್ದರಿಂದ ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಿಡುವು ಮಾಡಿಕೊಂಡು ಬೂಟಿನ ಅಡಿಯ ಗೀರುಗಳಲ್ಲಿ ಕೂತ ಮಣ್ಣನ್ನು ಕಡ್ಡಿಯಿಂದ ಕೆತ್ತಿ, ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ವಸತಿಯವರ ಒಣಗಿಸುವ ಕೋಣೆಯಲ್ಲಿ ರಾತ್ರಿಯಿಡೀ ಇಡಿ. ಪೂರ್ತಿ ಒಣಗಿದ ಮೇಲೆ ಚೀಲಕ್ಕೆ ಹಾಕಿ. ಮನೆಗೆ ಬಂದು ಅದೇ ಬೂಟಿನಲ್ಲಿ ಕುದುರೆಮುಖದ ಶೋಲಾ ಕಾಡಿಗೋ ಆಗುಂಬೆಗೋ ಹೋಗುವವರಿದ್ದರೆ, ಹೊರಡುವ ಮುನ್ನ ಇನ್ನೊಂದು ಸಲ ತಿಕ್ಕಿ ಬಿಸಿಲಿಗಿಡಿ.